ಓದದೆ ಬಿಟ್ಟ ಸಾಲು

ಕಳೆದ ತಿಂಗಳು ನನ್ನ ತಮ್ಮನ ಮೊಮ್ಮಗಳು ಒಂದು ಬಟ್ಟೆಯ ಚೀಲ ತಂದುಕೊಟ್ಟಳು. ಕೆಲಸದ ಮೇಲೆ ಪೂರ್ವದ ಕಡೆಯ ದೇಶಗಳಿಗೆ ಹೋಗಿದ್ದವಳು ಅಲ್ಲಿಯ ಸಂತೆಯೊಂದರಲ್ಲಿ ಕೊಂಡದ್ದಂತೆ. ಹೆಗಲಿಗೆ ಹಾಕಿಕೊಳ್ಳುವ ಕೆಂಪು ಚೀಲ. ಅದರ ಮೇಲೆ ಕಪ್ಪು ದಾರದಲ್ಲಿ ಎರಡು ಸಾಲು ಬರಹ. ಕನ್ನಡವೆಂದೇ ತಿಳಿದು ಓದಲು ಕನ್ನಡಕ ಹುಡುಕಿದೆ. ಹಾಕಿಕೊಂಡು ನೋಡಿದರೆ ಒಂದು ಪದವೂ ದಕ್ಕಲಿಲ್ಲ. ಎಲ್ಲ ದುಂಡು ದುಂಡು, ನಮ್ಮ ಅಕ್ಷರಗಳನ್ನೇ ಯಾರೋ ನೀರಿನಲ್ಲಿ ನೆನೆಸಿ ಒಣಗಲು ಹಾಕಿದ ಹಾಗೆ. ನಡುವೆ ಒಂದೇ ಒಂದು ಅಕ್ಷರದ ಗುರುತು ಸಿಕ್ಕಿತು. ನಮ್ಮ ‘ಗ’ದಂತೆಯೇ ಇರುವ ಅವರ ‘ಗ’.

“ಇದು ಬರ್ಮಾದ್ದು ಕಣೇ” ಎಂದೆ. ಅವಳಿಗೆ ಆಶ್ಚರ್ಯವಾಯಿತು. ಅಜ್ಜಿ ಮದರಾಸಿನಿಂದ ಆಚೆಗೆ ಎಲ್ಲಿಗೂ ಹೋದವಳಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೇಳಲು ಹೊರಟರೆ ಎಲ್ಲಿಂದ ಶುರುಮಾಡುವುದು… ಆ ಅಕ್ಷರವನ್ನು ನನಗೆ ಕಲಿಸಿದವರು ದೇವರಾಜ ಮೊಹಲ್ಲಾದ ವಠಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಅವರು ಹೋಗಿ ಅರವತ್ತು ವರ್ಷಗಳಾಗುತ್ತ ಬಂತು.

ನನಗಾಗ ಇಪ್ಪತ್ತೊಂದು ವರ್ಷ. ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಕೆಲಸ ಸಿಕ್ಕಿ, ತಾಯಿಯನ್ನು ಕರೆದುಕೊಂಡು ಆ ವಠಾರಕ್ಕೆ ಬಂದೆ. ಆರು ಮನೆಗಳು, ನಡುವೆ ಕಲ್ಲು ಹಾಸಿದ ಅಂಗಳ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಮಾರುಕಟ್ಟೆಯ ಹಿಂಬದಿಯಾದ್ದರಿಂದ ಬೆಳಿಗ್ಗೆ ಹೂವಿನ ವಾಸನೆ, ಮಧ್ಯಾಹ್ನದ ಹೊತ್ತಿಗೆ ಕೊಳೆತ ಬಾಳೆಎಲೆಯ ವಾಸನೆ. ಮೊದಲ ದಿನ ನೀರು ಹಿಡಿಯಲು ಹೋದಾಗ ನಲ್ಲಿಯ ಬಳಿ ಒಬ್ಬ ಹೆಂಗಸು ಬಿಂದಿಗೆ ಬೆಳಗುತ್ತಿದ್ದರು. ಅಗಲ ಮುಖ, ಸಣ್ಣ ಕಣ್ಣು, ಬೆಳ್ಳಗಿನ ಬಣ್ಣ. ನಮ್ಮ ಕಡೆಯವರಲ್ಲ ಎಂದು ನೋಡಿದೊಡನೆ ತಿಳಿಯುತ್ತಿತ್ತು. ಯಾವ ಭಾಷೆಯಲ್ಲಿ ಮಾತಾಡಿಸಲಿ ಎಂದು ನಾನು ಯೋಚಿಸುತ್ತಿರುವಾಗ ಅವರೇ ತಲೆಯೆತ್ತಿ, “ಇಡ್ಕಳಿ ತಾಯಿ, ನೀರ್ ನಿಂತೋಯ್ತದೆ ಆಮೇಲೆ” ಎಂದರು. ಅಪ್ಪಟ ತಿರುಮಕೂಡಲು ಕಡೆಯ ಹಳ್ಳಿಯ ಕನ್ನಡ. ನಾನು ನಕ್ಕುಬಿಟ್ಟೆ. ಅವರೂ ನಕ್ಕರು.

ವಠಾರದವರೆಲ್ಲ ಅವರನ್ನು ರಂಗೂನಕ್ಕ ಎನ್ನುತ್ತಿದ್ದರು. ನಿಜಕ್ಕೂ ಅವರು ರಂಗೂನಿನವರಲ್ಲ. ಐರಾವತಿ ನದಿಯ ದಡದ ಪ್ರೋಮ್ ಎಂಬ ಊರಿನವರು. ನಮ್ಮ ವಠಾರಕ್ಕೆ ಗೊತ್ತಿದ್ದ ಬರ್ಮಾದ ಊರು ಒಂದೇ ಆದ್ದರಿಂದ ಅದೇ ಹೆಸರು ಅಂಟಿತು. ಅವರ ಯಜಮಾನರು ಮೈಸೂರಿನ ರೈಲ್ವೆ ವರ್ಕ್‌ಷಾಪಿನಲ್ಲಿ ಫಿಟ್ಟರ್. ಹೊಲಗದ್ದೆಯ ಮನೆತನದವರು, ಚಿಕ್ಕಂದಿನಲ್ಲೇ ಯಾರದೋ ಜೊತೆ ಮದರಾಸಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಬರ್ಮಾ ರೈಲ್ವೆಗೆ ಸೇರಿದ್ದರು. ಪ್ರೋಮಿನಲ್ಲಿದ್ದಾಗ ಈಕೆಯನ್ನು ಕಂಡು ಮದುವೆಯಾದರು. ಜಪಾನಿನವರು ಬಂದಾಗ ಗಂಡಹೆಂಡಿರು ಬೆಟ್ಟ ದಾಟಿ ಸಮುದ್ರದ ದಂಡೆಗೆ ನಡೆದು, ದೋಣಿಯಲ್ಲಿ ಚಿತ್ತಗಾಂಗ್ ಸೇರಿ, ಅಲ್ಲಿಂದ ಹೇಗೋ ಮೈಸೂರು ಮುಟ್ಟಿದರು. ಹೊರಡುವಾಗ ಮೂರು ಜನರಿದ್ದರು ಎಂದು ಅವರು ಒಮ್ಮೆ ಹೇಳಿದ್ದುಂಟು. ಮುಟ್ಟಿದವರು ಇಬ್ಬರು.

ಕನ್ನಡ ಕಲಿಸಿದ್ದು ಅವರ ಅತ್ತೆ. ಹಳ್ಳಿಯಲ್ಲಿ ಎರಡು ವರ್ಷ ಅತ್ತೆಯ ಜೊತೆ ಇದ್ದರಂತೆ. ‘ಳ’ ಮಾತ್ರ ಅವರ ಬಾಯಲ್ಲಿ ಹೊರಡುತ್ತಿರಲಿಲ್ಲ, ಎಲ್ಲವೂ ‘ಲ’. ಅದನ್ನು ಇಲ್ಲಿ ಹಾಗೆಯೇ ಬರೆಯಲು ನನಗೆ ಮನಸ್ಸಿಲ್ಲ, ಓದುವವರು ನಕ್ಕಾರು. ಅವರ ಊರಿನಲ್ಲಿ ಯಾವುದೋ ಮರದ ತೊಗಟೆ ತೇದು ಕೆನ್ನೆಗೆ ಹಚ್ಚಿಕೊಳ್ಳುತ್ತಾರಂತೆ. ಇಲ್ಲಿ ಅದು ಸಿಗದೆ ಅವರು ಗಂಧದ ಕೊರಡು ತೇದು ಹಚ್ಚುತ್ತಿದ್ದರು. ದೇವರಿಗೆ ಹಚ್ಚುವುದನ್ನು ಮುಖಕ್ಕೆ ಬಳಿದುಕೊಳ್ಳುತ್ತಾಳಲ್ಲ ಎಂದು ನನ್ನ ತಾಯಿ ಮೊದಲು ಗೊಣಗಿದರು. ಆ ಬೇಸಿಗೆ ಮುಗಿಯುವುದರೊಳಗೆ ತಾವೂ ಅವರ ಮುಂದೆ ಕೆನ್ನೆಯೊಡ್ಡಿ ಕೂತರು.

ಊರಿನಲ್ಲಿ ಅವರ ತಾಯಿ ಮತ್ತು ತಂಗಿ ಉಳಿದಿದ್ದರು. ಯುದ್ಧ ಮುಗಿಯುವವರೆಗೆ ಇದ್ದಾರೋ ಇಲ್ಲವೋ ತಿಳಿಯಲಿಲ್ಲ. ಮುಗಿದ ಮೇಲೆ ಆ ದೇಶದೊಳಗೇ ಬಂಡಾಯವೆದ್ದಿತು, ಮತ್ತೆ ಕಾಗದವಿಲ್ಲ. ನಾನು ವಠಾರಕ್ಕೆ ಬಂದ ಕಾಲಕ್ಕೆ ಮೂರು ನಾಲ್ಕು ತಿಂಗಳಿಗೊಮ್ಮೆ ತಂಗಿಯ ಕಾಗದ ಬರಲು ಶುರುವಾಗಿತ್ತು. ಅಂಚೆಯವನು ಆ ದುಂಡಕ್ಷರಗಳನ್ನು ನೋಡಿ, “ಯಾರಮ್ಮ ಇದು, ಕನ್ನಡಾನ ಇಷ್ಟು ಕೆಟ್ಟದಾಗಿ ಬರೆದವರು” ಎನ್ನುತ್ತಿದ್ದ. ರಂಗೂನಕ್ಕ ಕಾಗದವನ್ನು ಮೊದಲು ತಾವೊಬ್ಬರೇ ಓದಿ, ಆಮೇಲೆ ನಮ್ಮ ಮನೆ ಜಗುಲಿಯ ಮೇಲೆ ಕೂತು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅಕ್ಷರಗಳನ್ನು ಒಂದೊಂದಾಗಿ ತೋರಿಸಿ ಹೆಸರು ಹೇಳಿದ್ದೂ ಆಗಲೇ. ನಾನು ಕಲಿತದ್ದು ಕಡಿಮೆ. ನೆನಪಿನಲ್ಲಿ ಉಳಿದದ್ದು ಆ ‘ಗ’ ಒಂದೇ.

ನಮಗೆ ಸ್ವಾತಂತ್ರ್ಯ ಬಂದ ಕೆಲವೇ ತಿಂಗಳಿಗೆ ಅವರಿಗೂ ಬಂದಿತ್ತು. ಅಲ್ಲೂ ಬಾವುಟ ಏರಿತು, ಇಲ್ಲೂ ಏರಿತು. ಎರಡು ಬಾವುಟಗಳ ನಡುವೆ ರಂಗೂನಕ್ಕ ಪರದೇಶಿಯಾದರು. ಆ ಮಾತಿಗಿರುವ ಎರಡು ಅರ್ಥಗಳೂ ಅವರಿಗೆ ಒಪ್ಪುತ್ತಿದ್ದವು. ಪರದೇಶದವರೆಂದು ವರ್ಷವರ್ಷವೂ ಪೊಲೀಸ್ ಕಚೇರಿಗೆ ಹೋಗಿ ರಿಜಿಸ್ಟರಿನಲ್ಲಿ ಹೆಬ್ಬೆಟ್ಟೊತ್ತಿ ಬರಬೇಕಿತ್ತು. ಓದುಬರಹ ಬಲ್ಲವರು, ಆದರೆ ಅವರ ಅಕ್ಷರ ಅಲ್ಲಿ ನಡೆಯುತ್ತಿರಲಿಲ್ಲ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಸಿಕ್ಕಿಬಿದ್ದವರ ಮನೆಯವರು ಅಳುತ್ತ ಕೂತಿದ್ದ ಬೆಂಚಿನ ತುದಿಯಲ್ಲಿ ಅವರೂ ಕೂತರು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಕಾಯಿಸಿದರು ಅಷ್ಟೆ. ಹೊರಗೆ ಬಂದು ಬೆರಳಿನ ಮಸಿಯನ್ನು ಗೋಡೆಗೆ ಒರೆಸುತ್ತ, “ನಾನೇನ್ ಕದ್ದಿವ್ನಾ ಟೀಚರಮ್ಮ?” ಎಂದರು.

ಪೌರತ್ವದ ಹೊಸ ಕಾನೂನು ಬಂದ ಮೇಲೆ ಒಂದು ಭಾನುವಾರ ಅವರ ಯಜಮಾನರು ನಮ್ಮ ಮನೆಗೆ ಬಂದರು. ಹೆಚ್ಚು ಮಾತಿನವರಲ್ಲ. ಬಾಗಿಲ ಹೊರಗೇ ನಿಂತು, “ಒಂದು ಫಾರಂ ತುಂಬಿಸ್ಕೊಡ್ಬೇಕಲ್ಲ ಟೀಚರಮ್ಮ. ಇಂಡಿಯಾದವರ ಹೆಂಡ್ತೀರು ಅರ್ಜಿ ಹಾಕಿದ್ರೆ ಇಲ್ಲಿಯವರೇ ಆಗಬಹುದಂತೆ. ಇವಳು ಆ ಬೆಂಚಿನ ಮೇಲೆ ಕೂರೋದು ಇನ್ನು ಬ್ಯಾಡ” ಎಂದರು. ನನಗೆ ಹಿಗ್ಗೋ ಹಿಗ್ಗು. ನಾನು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದವಳು. ತರಗತಿಯ ಗೋಡೆಯಲ್ಲಿ ಏಷ್ಯಾದ ನಕ್ಷೆ ತೂಗುಹಾಕಿ, ಸ್ವತಂತ್ರವಾದ ದೇಶಗಳಿಗೆಲ್ಲ ಹುಡುಗಿಯರ ಕೈಯಲ್ಲಿ ಬಣ್ಣ ತುಂಬಿಸಿದ್ದೆ. ನಮ್ಮ ಪ್ರಧಾನಿ, ಬರ್ಮಾದ ಪ್ರಧಾನಿ ಕೈ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ನಕ್ಷೆಯ ಪಕ್ಕಕ್ಕೆ ಅಂಟಿಸಿದ್ದೆ. ಈ ದೇಶಗಳೆಲ್ಲ ಅಕ್ಕತಂಗಿಯರು, ಒಂದೇ ಮನೆಯಿಂದ ಬೇರೆ ಬೇರೆ ಮನೆಗೆ ಹೋದವರು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಹೇಳುವಾಗ ನಾನದನ್ನು ನಂಬಿದ್ದೆ. ಈಗಿನವರಿಗೆ ಇದು ಹುಡುಗಾಟವೆನ್ನಿಸಬಹುದು…

ಫಾರಂ ತುಂಬಿ ಮುಗಿಸಿದಾಗ, ಹುಟ್ಟಿದ ದೇಶದ ಪೌರತ್ವವನ್ನು ಬಿಟ್ಟುಕೊಡುತ್ತೇನೆ ಎಂಬ ಸಾಲನ್ನು ಅವರಿಗೆ ಕನ್ನಡದಲ್ಲಿ ಹೇಳಿದೆ. ರಂಗೂನಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

“ಇದ್ಕೆ ರುಜು ಹಾಕ್ಬುಟ್ರೆ ನಮ್ಮವ್ವನ್ನ ನೋಡಕ್ಕೆ ತಡೆ ಆಯ್ತದಾ?”

“ಯಾತರ ತಡೆ ಅಕ್ಕ? ಎರಡು ದೇಶಾನೂ ಸ್ನೇಹವಾಗಿವೆ. ಪಾಸ್‌ಪೋರ್ಟ್ ಮಾಡಿಸಿಕೊಂಡು ಯಾವಾಗ ಬೇಕಾದರೂ ಹೋಗಿ ಬರಬಹುದು.”

“ದಿಟವಾ?”

“ದಿಟ.”

ಅವರು ಅಷ್ಟಕ್ಕೇ ಒಪ್ಪಿದರು. ಕನ್ನಡದಲ್ಲಿ ರುಜು ಮಾಡುವುದನ್ನು ನಾನೇ ಒಂದು ವಾರ ತಿದ್ದಿಸಿದೆ. ಜಿಲ್ಲಾ ಕಚೇರಿಯಲ್ಲಿ ಪ್ರಮಾಣ ಮಾಡುವಾಗ ನಾನು ಹಿಂದೆ ನಿಂತಿದ್ದೆ. ಕೆಲವು ತಿಂಗಳ ಮೇಲೆ ಸರ್ಟಿಫಿಕೇಟು ಬಂತು. ಆ ಸಂಜೆ ವಠಾರಕ್ಕೆಲ್ಲ ಸಜ್ಜಿಗೆ ಹಂಚಿದರು. ಮುಂದಿನ ಚುನಾವಣೆಯಲ್ಲಿ ಬೆರಳಿಗೆ ಮಸಿ ಹಾಕಿಸಿಕೊಂಡು ಬಂದು, ಈ ಮಸಿ ಬೇರೆ ಥರದ್ದು ಎಂದು ನನಗೆ ತೋರಿಸಿದರು.

ಹೋಗಿಬರುವುದು ಮಾತ್ರ ಮುಂದೆ ಮುಂದೆ ಹೋಯಿತು. ಅತ್ತೆ ಲಕ್ವ ಹೊಡೆದು ಮಲಗಿದರು. ಮೂರೂವರೆ ವರ್ಷ ಅವರನ್ನು ವಠಾರದ ಆ ಒಂದೂವರೆ ಕೋಣೆಯಲ್ಲಿಟ್ಟುಕೊಂಡು ಆರೈಕೆ ಮಾಡಿದವರು ರಂಗೂನಕ್ಕ. ಅತ್ತೆ ತೀರಿಕೊಂಡ ವರ್ಷವೇ ಬರ್ಮಾದಲ್ಲಿ ದೊಡ್ಡ ಚುನಾವಣೆ ನಡೆಯಿತು. ಸೈನ್ಯದವರು ಒಂದಷ್ಟು ಕಾಲ ಆಡಳಿತ ಇಟ್ಟುಕೊಂಡಿದ್ದು, ಮತ್ತೆ ಜನರ ಕೈಗೇ ಕೊಟ್ಟಿದ್ದರು. ತಂಗಿ ಬರೆದಿದ್ದಳು: ಅವ್ವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆದರೂ ಹಟ ಮಾಡಿ ಬಂದು ಹಳದಿ ಪೆಟ್ಟಿಗೆಗೆ ಓಟು ಹಾಕಿದಳು, ಭಿಕ್ಷುಗಳ ಬಟ್ಟೆಯ ಬಣ್ಣವೆಂದು. ಗೆದ್ದದ್ದೂ ಅದೇ ಪಕ್ಷ. ರಂಗೂನಕ್ಕ ಅದನ್ನು ಇಡೀ ವಠಾರಕ್ಕೆ ಹೇಳಿದರು, ತಮ್ಮವ್ವನೇ ಗೆದ್ದಳೇನೋ ಎಂಬಂತೆ. ಇನ್ನು ತಡಮಾಡುವುದು ಬೇಡವೆಂದು ಗಂಡಹೆಂಡಿರು ಗೊತ್ತುಮಾಡಿದರು. ಪಾಸ್‌ಪೋರ್ಟು ಬರುವುದಕ್ಕೇ ಬಹಳ ದಿನ ಹಿಡಿಯಿತು. ವೀಸಾಕ್ಕೆ ನಾನು ಇಂಗ್ಲಿಷಿನಲ್ಲಿ ಅರ್ಜಿ ಬರೆದು ದಿಲ್ಲಿಯ ಬರ್ಮಾ ರಾಯಭಾರ ಕಚೇರಿಗೆ ಕಳಿಸಿದೆ. ಬೇಸಿಗೆಗೆ ಬರುತ್ತೇವೆಂದು ರಂಗೂನಕ್ಕ ತಾಯಿಗೆ ಕಾಗದ ಹಾಕಿದರು.

ಉತ್ತರಕ್ಕೆ ಕಾಯುತ್ತಿದ್ದ ದಿನಗಳಲ್ಲೇ ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಆ ಸುದ್ದಿ ಬಂತು. ಬರ್ಮಾದಲ್ಲಿ ಸೈನ್ಯ ಸರ್ಕಾರವನ್ನು ಹಿಡಿದಿದೆ, ಪ್ರಧಾನಿ ಬಂಧನದಲ್ಲಿದ್ದಾರೆ. ರಂಗೂನಕ್ಕ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ನಾನು ಪತ್ರಿಕೆ ಹಿಡಿದುಕೊಂಡು ಹೋಗಿ ಅಲ್ಲೇ ಓದಿ ಹೇಳಿದೆ.

“ಓಟ್ ಹಾಕಿದ್ರಲ್ಲ ಜನ?”

“ಹಾಕಿದ್ದರು ಅಕ್ಕ.”

“ಗೆದ್ದಿದ್ರಲ್ಲ?”

“ಗೆದ್ದಿದ್ದರು.”

“ಮತ್ತೆ ಎಂಗೆ ತೆಗೆದ್ಬುಟ್ರು?”

ನಾನು ದಿನವೂ ಮಕ್ಕಳಿಗೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗವೆಂದು ಉರು ಹೊಡೆಸುತ್ತಿದ್ದವಳು. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಮತ್ತೆ ಬಟ್ಟೆ ಕುಕ್ಕತೊಡಗಿದರು.

ದಿಲ್ಲಿಯ ಕಾಗದ ಎರಡು ತಿಂಗಳ ಮೇಲೆ ಬಂತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ಗಂಡಹೆಂಡಿರಿಬ್ಬರೂ ನಮ್ಮ ಜಗುಲಿಯ ಮೇಲೆ ಕೂತರು. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಮೊದಲ ಸಾಲು, ಸದ್ಯಕ್ಕೆ ಭಾರತೀಯರಿಗೆ ಪ್ರವೇಶದ ವೀಸಾ ಕೊಡುತ್ತಿಲ್ಲ. ಕೊನೆಯ ಸಾಲು, ವಿಷಾದ. ನಡುವೆ ಇನ್ನೊಂದು ಸಾಲಿತ್ತು: ಅರ್ಜಿದಾರಳು ಹುಟ್ಟಿನಿಂದ ಬಂದ ಪೌರತ್ವವನ್ನು ಉಳಿಸಿಕೊಂಡಿದ್ದಲ್ಲಿ ಸ್ವದೇಶಕ್ಕೆ ಮರಳುವ ಕೋರಿಕೆಯನ್ನು ಪರಿಶೀಲಿಸಬಹುದಾಗಿತ್ತು, ತಾನಾಗಿಯೇ ಬಿಟ್ಟುಕೊಟ್ಟಿರುವುದರಿಂದ ಅದು ಸಾಧ್ಯವಿಲ್ಲ.

ನಾನು ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಓದಿ ಹೇಳಿದೆ. ನಡುವಿನದನ್ನು ಬಿಟ್ಟೆ.

ಯಾಕೆ ಬಿಟ್ಟೆ ಎಂದು ಆಗಲೂ ಕೇಳಿಕೊಂಡೆ. ಅವರಿಗೆ ನೋವಾಗದಿರಲೆಂದು ಎಂದುಕೊಳ್ಳಲು ನೋಡಿದೆ. ಆ ಸಮಾಧಾನ ಒಂದು ದಿನವೂ ನಿಲ್ಲಲಿಲ್ಲ. ನೋವಾಗಬಾರದೆಂದು ನೋಡಿಕೊಂಡದ್ದು ನನಗೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ನಾನು ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದೆ. ರಂಗೂನಕ್ಕ ಬಂದು ಎದುರಿಗೆ ನಿಂತರು, ಕೂರಲಿಲ್ಲ. ಯಜಮಾನರು ಕಾಗದವನ್ನು ವರ್ಕ್‌ಷಾಪಿಗೆ ಒಯ್ದು ಅಲ್ಲಿಯ ಮೇಸ್ತ್ರಿಯವರಿಗೆ ತೋರಿಸಿದ್ದರಂತೆ, ಇನ್ನೇನಾದರೂ ದಾರಿ ಉಂಟೇ ಎಂದು ಕೇಳಲು.

“ನೀನ್ ಒಂದ್ ಸಾಲ್ ಬುಟ್ಬುಟ್ಟಿದ್ದೆ ಅಂತಲ್ಲವ್ವ” ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ನೀವು ಎಂದೇ ಕರೆಯುತ್ತಿದ್ದರು.

“ಹೌದು ಅಕ್ಕ.”

“ಅವತ್ತು ಕೇಳ್ದೆ ನಾನು. ತಡೆ ಆಯ್ತದಾ ಅಂತ ಕೇಳ್ದೆ.”

ನಾನು ಮೊರವನ್ನು ಕೆಳಗಿಟ್ಟೆ.

“ದಿಟವಾ ಅಂತಾನೂ ಕೇಳ್ದೆ” ಎಂದು ಹೇಳಿ ಹೊರಟುಹೋದರು. ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ನಾನು ಅತ್ತು ಹಗುರವಾಗುತ್ತಿದ್ದೆನೋ ಏನೋ…

ಆಮೇಲೆ ತಿಂಗಳುಗಟ್ಟಲೆ ನಮ್ಮ ನಡುವೆ ನಲ್ಲಿಯ ಬಳಿಯ ಒಂದೆರಡು ಮಾತು ಬಿಟ್ಟರೆ ಬೇರೆ ಇರಲಿಲ್ಲ. ಪತ್ರಿಕೆ ಓದಿಸಿಕೊಳ್ಳಲು ಅವರು ಬರಲಿಲ್ಲ. ನನ್ನ ತಾಯಿಯ ಕೆನ್ನೆಗೆ ಗಂಧ ಹಚ್ಚಲು ಮಾತ್ರ ಬರುತ್ತಿದ್ದರು, ನಾನು ಶಾಲೆಗೆ ಹೋಗಿರುವ ಹೊತ್ತಿನಲ್ಲಿ.

ಅದೇ ವರ್ಷ ಚೀನಾದ ಜೊತೆ ಯುದ್ಧ ಬಂತು. ಊರಿಗೆ ಊರೇ ಸೈನಿಕರಿಗೆ ಉಲ್ಲನ್ ಹೆಣೆಯುತ್ತಿದ್ದ ಕಾಲ. ನಮ್ಮ ಶಾಲೆಯ ಹುಡುಗಿಯರೂ ಹೆಣೆದರು, ರಂಗೂನಕ್ಕನೂ ಹೆಣೆದರು. ಆದರೆ ಮಾರುಕಟ್ಟೆಯಲ್ಲಿ ಹನ್ನೆರಡು ವರ್ಷಗಳಿಂದ ಅವರಿಗೆ ಸೊಪ್ಪು ಕೊಡುತ್ತಿದ್ದ ಹೆಂಗಸು ಒಂದು ದಿನ ಮುಖ ತಿರುಗಿಸಿದಳಂತೆ. ಯಾರೋ ಹಿಂದಿನಿಂದ ‘ಚೀನಾದವಳು’ ಎಂದರಂತೆ. ಮರುವಾರ ಒಬ್ಬ ಪೊಲೀಸಿನವರು ವಠಾರಕ್ಕೆ ಬಂದರು. ಯಾರು ಮೂಗರ್ಜಿ ಹಾಕಿದ್ದರೋ ತಿಳಿಯದು. ನಾನು ಕಿಟಕಿಯ ಹಿಂದೆ ನಿಂತು ನೋಡಿದೆ. ರಂಗೂನಕ್ಕ ಒಳಗೆ ಹೋಗಿ ಸರ್ಟಿಫಿಕೇಟು ತಂದುಕೊಟ್ಟರು. ಪೊಲೀಸಿನವರು ಓದಿ, ತಲೆಯಾಡಿಸಿ, ಸಭ್ಯವಾಗಿಯೇ ಹಿಂತಿರುಗಿಸಿ ಹೋದರು.

ಆ ಸಂಜೆ ರಂಗೂನಕ್ಕ ನಮ್ಮ ಜಗುಲಿಗೆ ಬಂದು ಕೂತರು. ಸರ್ಟಿಫಿಕೇಟನ್ನು ಮಡಚಿ ಒಂದು ಬಟ್ಟೆಯ ತುಂಡಿನಲ್ಲಿ ಸುತ್ತಿ ಕೈಯಲ್ಲಿ ಹಿಡಿದಿದ್ದರು. ಇನ್ನು ಮಾರುಕಟ್ಟೆಗೆ ಹೋಗುವಾಗಲೂ ಇದನ್ನು ಇಟ್ಟುಕೊಂಡೇ ಹೋಗುತ್ತೇನೆ ಎಂದರು.

“ನೀನ್ ಬರ್ಸಿದ್ ಕಾಗ್ದವೇ ಇವತ್ತು ಕಾಪಾಡ್ತು ಕಣವ್ವ” ಎಂದರು. ಬಟ್ಟೆಯ ತುಂಡನ್ನು ಇನ್ನೊಂದು ಸುತ್ತು ಸುತ್ತುತ್ತ, “ಅದ್ಕೆ ಏನ್ ಅನ್ಬೇಕೋ ಗೊತ್ತಾಯ್ತಿಲ್ಲ” ಎಂದರು.

ಅಂದಿನಿಂದ ಮತ್ತೆ ಬರತೊಡಗಿದರು.

ಅದಾದ ಎರಡನೆಯ ವರ್ಷ, ಬರ್ಮಾದಲ್ಲಿ ಅಂಗಡಿಗಳನ್ನೆಲ್ಲ ಸರ್ಕಾರವೇ ವಹಿಸಿಕೊಂಡಿತು, ಭಾರತೀಯರು ಸಾವಿರಗಟ್ಟಲೆ ಊರು ಬಿಡುತ್ತಿದ್ದಾರೆ, ಹಡಗುಗಳು ಮದರಾಸಿಗೆ ಬರುತ್ತಿವೆ ಎಂದು ಪತ್ರಿಕೆಯಲ್ಲಿ ಓದಿದೆ. ಈ ಸಲ ಏನನ್ನೂ ಬಿಡಲಿಲ್ಲ. ಓದಿ ಮುಗಿಸುವಷ್ಟರಲ್ಲಿ ರಂಗೂನಕ್ಕ ಎದ್ದು ನಿಂತಿದ್ದರು. ನಮ್ಮೂರಿಂದಲೂ ಯಾರಾದರೂ ಬಂದಿರುತ್ತಾರೆ, ಹೋಗಿ ಕೇಳೋಣ ಎಂದರು. ಯಜಮಾನರಿಗೆ ರಜೆ ಸಿಗಲಿಲ್ಲ. ನಾನು ಶಾಲೆಗೆ ರಜೆ ಹಾಕಿ ಜೊತೆಗೆ ಹೊರಟೆ. ಬೆಂಗಳೂರಿನಲ್ಲಿ ಗಾಡಿ ಬದಲಿಸಿ ಮದರಾಸು ಸೇರಿದೆವು.

ಬಂದರಿನೊಳಗೆ ಬಿಡುತ್ತಿರಲಿಲ್ಲ. ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತೆವು. ರಂಗೂನಕ್ಕ ಒಂದು ರಟ್ಟಿನ ಮೇಲೆ ಇದ್ದಿಲಿನಿಂದ ತಮ್ಮ ಊರಿನ ಹೆಸರನ್ನು ಆ ದುಂಡಕ್ಷರಗಳಲ್ಲಿ ಬರೆದು ಎದೆಯ ಮುಂದೆ ಹಿಡಿದರು. ಮೊದಲ ದಿನ ಯಾರೂ ಸಿಗಲಿಲ್ಲ. ಎರಡನೆಯ ದಿನ ಒಂದು ಹಡಗು ಬಂತು. ಇಳಿದವರು ಗುಂಪುಗುಂಪಾಗಿ ಹೊರಗೆ ಬಂದರು. ಟ್ರಂಕು, ಚಾಪೆಯ ಸುರುಳಿ. ಕಿವಿ ಕೈ ಬರಿದಾದ ಹೆಂಗಸರು. ಮೈಮೇಲಿನ ಒಡವೆಯನ್ನೂ ಅಲ್ಲಿಯ ಅಧಿಕಾರಿಗಳು ಬಿಚ್ಚಿಸಿ ಇಟ್ಟುಕೊಂಡಿದ್ದರಂತೆ. ಎಷ್ಟೋ ಜನ ಹುಟ್ಟಿದ್ದೇ ಅಲ್ಲಿ, ಈ ದೇಶವನ್ನು ನೋಡುತ್ತಿರುವುದು ಇದೇ ಮೊದಲು. ಎಲ್ಲರೂ ನಮ್ಮನ್ನು ದಾಟಿ, ಶಿಬಿರಕ್ಕೆ ಒಯ್ಯುವ ಲಾರಿಗಳ ಕಡೆ ನಡೆದರು. ಕೊನೆಯ ಕಡೆಯಲ್ಲಿ ಬಂದ ಒಬ್ಬ ತಮಿಳರು, ಅರವತ್ತರ ವಯಸ್ಸಿರಬೇಕು, ರಟ್ಟನ್ನು ನೋಡಿ ನಿಂತರು. ಏನೋ ಕೇಳಿದರು. ಬರ್ಮಾದ ಭಾಷೆಯಲ್ಲಿ.

ರಂಗೂನಕ್ಕ ಬಾಯಿ ತೆರೆದರು. ಅವರ ಭಾಷೆಯಲ್ಲಿ ಅವರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಮೈಸೂರಿನಲ್ಲಿ ಅವರ ಜೊತೆ ಆ ಭಾಷೆ ಆಡಲು ಗಂಡ ಬಿಟ್ಟರೆ ಯಾರೂ ಇರಲಿಲ್ಲ, ಆ ಗಂಡನೂ ಅದನ್ನು ಮರೆತಿದ್ದರು. ಈಗ ಮಾತು ಒಂದರ ಮೇಲೊಂದು ಹೊರಟಿತು, ಬೇಗಬೇಗ, ಕೈಬೀಸಿ, ತಲೆಕೊಂಕಿಸಿ. ನಡುವೆ ಒಮ್ಮೆ ನಕ್ಕರು. ನನಗೆ ಗೊತ್ತಿದ್ದ, ಅಳೆದು ತೂಗಿ ಮಾತಾಡುವ ಹೆಂಗಸೇ ಅಲ್ಲ ಅದು. ಯಾರೋ ಚುರುಕಿನ ಹುಡುಗಿ. ಹನ್ನೆರಡು ವರ್ಷ ಪಕ್ಕದ ಮನೆಯಲ್ಲಿದ್ದು ನಾನು ಆ ಹುಡುಗಿಯನ್ನು ಕಂಡೇ ಇರಲಿಲ್ಲವಲ್ಲ ಎನ್ನಿಸಿತು.

ಆತ ಪ್ರೋಮಿನಲ್ಲಿ ಟೈಲರ್ ಆಗಿದ್ದವರು. ಹೆಂಡತಿ ಆ ಊರಿನವಳೇ. ಅವಳು ಅಲ್ಲಿಯ ಪ್ರಜೆಯಾದ್ದರಿಂದ ಹೊರಡಲು ಬಿಡಲಿಲ್ಲ, ಇವರು ಅಲ್ಲಿಯವರಲ್ಲವಾದ್ದರಿಂದ ಇರಲು ಬಿಡಲಿಲ್ಲ. ಆತ ರಂಗೂನಕ್ಕನನ್ನು ಕೇಳಿದರಂತೆ, ನಿನ್ನನ್ನು ಇಲ್ಲಿರಲು ಹೇಗೆ ಬಿಟ್ಟರು ಎಂದು. ನನ್ನ ಕಾಗದ ಇಲ್ಲಿಯದು ಎಂದರಂತೆ ಇವರು. ಲಾರಿಯವರು ಕೂಗಿದರು. ಆತ ಚಾಪೆಯ ಸುರುಳಿಯನ್ನು ಹೆಗಲಿಗೇರಿಸಿ ಹೊರಟುಹೋದರು. ರಂಗೂನಕ್ಕ ರಟ್ಟು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತರು.

ಹಿಂದಿರುಗುವಾಗ ರೈಲಿನಲ್ಲಿ ರಂಗೂನಕ್ಕ ರಟ್ಟನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು. ಜೋಲಾರಪೇಟೆ ದಾಟಿದ ಮೇಲೆ, “ಬದುಕವ್ಳೆ ಅಂತೆ ಕಣವ್ವ” ಎಂದರು. ಪಗೋಡದ ಮೆಟ್ಟಿಲ ಹತ್ತಿರದ ಬೀದಿಯಲ್ಲಿ ಒಬ್ಬ ಕಣ್ಣು ಕಾಣದ ಮುದುಕಿ ಬಾಗಿಲಲ್ಲೇ ಕೂತಿರುತ್ತಾಳೆ, ಚುಟ್ಟಾ ಸೇದುತ್ತಾಳೆ, ಹೋಗಿಬರುವವರನ್ನೆಲ್ಲ ಹಡಗು ಬಂತೇ ಎಂದು ಕೇಳುತ್ತಾಳೆ ಎಂದು ಆ ಟೈಲರ್ ಹೇಳಿದ್ದರಂತೆ.

“ನಿಮ್ಮ ತಾಯಿಯೇನಾ?” ಎಂದೆ.

“ನಮ್ಮೂರಲ್ಲಿ ಎಲ್ಲಾ ಮುದ್ಕೀರೂ ಚುಟ್ಟಾ ಸೇದ್ತಾರೆ” ಎಂದರು. ಕಿಟಕಿಯ ಆಚೆಗೆ ನೋಡಿದರು. “ಅವ್ಳೇ ಅನ್ಕೋತೀನಿ. ಬೇಸಿಗೇಗೆ ಬತ್ತೀವಿ ಅಂತ ನಾನೇ ಬರ್ದಿದ್ನಲ್ಲ.”

ಆಮೇಲೆ ತಂಗಿಯಿಂದ ಒಂದೇ ಒಂದು ಕಾಗದ ಬಂತು. ಮೂರು ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ಯಾರೋ ಮಸಿ ಬಳಿದಿದ್ದರು. ರಂಗೂನಕ್ಕ ಆ ಮೂರು ಸಾಲನ್ನು ನನಗೆ ಕನ್ನಡದಲ್ಲಿ ಹೇಳಿದರು. ಎಲ್ಲರೂ ಚೆನ್ನಾಗಿದ್ದೇವೆ. ಅಕ್ಕಿ ಸಿಗುತ್ತದೆ. ಇನ್ನು ಕಾಗದ ಬರೆಯಬೇಡ.

“ಎಲ್ಲರೂ ಅಂದ್ರೆ ಅವ್ವನೂ ಸೇರ್ತಾಳಾ ಟೀಚರಮ್ಮ?” ಎಂದು ಕೇಳಿದರು. ನಾನು ವ್ಯಾಕರಣವನ್ನೂ ಕಲಿಸುತ್ತಿದ್ದವಳು. ಸೇರುತ್ತಾರೆ ಅಕ್ಕ ಎನ್ನಲು ಬಾಯಿ ತೆರೆದು, ಹಿಂದೊಮ್ಮೆ ಇದೇ ಜಗುಲಿಯ ಮೇಲೆ ದಿಟ ಎಂದದ್ದು ನೆನಪಾಗಿ, “ಗೊತ್ತಿಲ್ಲ ಅಕ್ಕ” ಎಂದೆ. ಅವರು ಆ ಉತ್ತರಕ್ಕೆ ತಲೆಯಾಡಿಸಿದರು. ಅದರಿಂದ ಅವರಿಗೆ ಒಳ್ಳೆಯದಾಯಿತೋ ಇಲ್ಲವೋ…

ಇನ್ನೂ ಮೂರು ವರ್ಷ ಇದ್ದರು. ಒಂದು ಮಳೆಗಾಲದಲ್ಲಿ ಜ್ವರ ಬಂದದ್ದು ಬಿಡಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೆಯ ದಿನದಿಂದ ಕನ್ನಡ ಹೊರಟುಹೋಯಿತು. ಗಂಡನ ಜೊತೆ, ನರ್ಸಿನ ಜೊತೆ, ನನ್ನ ಜೊತೆ, ಎಲ್ಲರೊಡನೆಯೂ ಬರ್ಮಾದ ಭಾಷೆಯೇ. ಯಜಮಾನರು ಹಾಸಿಗೆಯ ಮೇಲೆ ಬಾಗಿ ಕಿವಿಗೊಟ್ಟು ಕೇಳುತ್ತಿದ್ದರು. ಒಂದೊಂದು ಮಾತು ತಿಳಿಯುತ್ತಿತ್ತು, ನೀರು, ಬಾಗಿಲು, ದೋಣಿ. ಉಳಿದದ್ದು ತಿಳಿಯದು. “ಎಲ್ಲಾ ಬರ್ತಿತ್ತು ಟೀಚರಮ್ಮ ನಂಗೆ. ಮಾತಾಡದೆ ಮಾತಾಡದೆ ಹೋಗ್ಬುಡ್ತು” ಎಂದು ಆ ದೊಡ್ಡ ಮನುಷ್ಯ ವರಾಂಡದಲ್ಲಿ ನಿಂತು ಅತ್ತರು. ಇಡೀ ಮೈಸೂರಿನಲ್ಲಿ ಆ ಭಾಷೆ ಬಲ್ಲವರು ಒಬ್ಬರಾದರೂ ಸಿಕ್ಕಾರೇ ಎಂದು ನಾನು ಕಾಲೇಜುಗಳಲ್ಲಿ, ಬೌದ್ಧ ವಿಹಾರ ಎಲ್ಲಾದರೂ ಉಂಟೇ ಎಂದು ಕಂಡವರಲ್ಲಿ ವಿಚಾರಿಸಿಕೊಂಡು ಬಂದೆ. ಯಾರೂ ಸಿಗಲಿಲ್ಲ.

ಕೊನೆಯ ಮಧ್ಯಾಹ್ನ ಯಜಮಾನರು ಔಷಧಿ ತರಲು ಹೋಗಿದ್ದರು. ರಂಗೂನಕ್ಕ ಕಣ್ಣು ಬಿಟ್ಟು ನನ್ನ ಕೈ ಹಿಡಿದರು. ಬಹಳ ಸ್ಪಷ್ಟವಾಗಿ, ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಏನನ್ನೋ ಹೇಳಿದರು. ದೊಡ್ಡ ಮಾತು. ‘ಅಮೇ’ ಎಂಬ ಪದ ಎರಡು ಸಲ ಬಂತು. ಅವರ ಭಾಷೆಯಲ್ಲಿ ಅದು ತಾಯಿ ಎಂದು ನನಗೆ ಗೊತ್ತಿತ್ತು. ಕೊನೆಯಲ್ಲಿ ದನಿ ಮೇಲಕ್ಕೆ ಹೋಯಿತು, ಪ್ರಶ್ನೆ ಕೇಳಿದ ಹಾಗೆ. ಕೇಳಿ, ಉತ್ತರಕ್ಕಾಗಿ ನನ್ನ ಮುಖ ನೋಡಿದರು.

ನಾನು “ಹ್ಞೂಂ” ಎಂದೆ.

ಕೈ ಸಡಿಲವಾಯಿತು. ಯಜಮಾನರು ಬರುವ ಹೊತ್ತಿಗೆ ಹೋಗಿಬಿಟ್ಟಿದ್ದರು.

ಈಗ ನನಗೆ ತೊಂಬತ್ತು ದಾಟಿದೆ. ಶ್ರೀರಾಂಪುರದಲ್ಲಿ ತಮ್ಮನ ಮಗನ ಮನೆಯಲ್ಲಿದ್ದೇನೆ. ಆ ದೇಶಕ್ಕೆ ಹೆಸರೇ ಬದಲಾಗಿದೆ. ಓಟು ಹಾಕುತ್ತಾರೆ, ಯಾರೋ ಗೆಲ್ಲುತ್ತಾರೆ, ಮತ್ತೆ ಸೈನ್ಯ ಬರುತ್ತದೆ. ಟೀವಿಯಲ್ಲಿ ಅಲ್ಲಿಯ ಸುದ್ದಿ ಬಂದರೆ ನಾನು ಮನೆಯವರನ್ನೆಲ್ಲ ಸುಮ್ಮನಿರಿ ಎನ್ನುತ್ತೇನೆ. ಬೀದಿಯಲ್ಲಿ ನಿಂತ ಯಾವಳೋ ಹೆಂಗಸಿನ ಮುಂದೆ ಮೈಕು ಹಿಡಿಯುತ್ತಾರೆ. ಅವಳು ಬಾಯಿ ತೆರೆದು ನಾಲ್ಕು ಮಾತಾಡುವಷ್ಟರಲ್ಲಿ, ಇತ್ತಲಿನ ಅನುವಾದದ ದನಿ ಅವಳ ಮಾತಿನ ಮೇಲೆ ಬಂದು ಕೂರುತ್ತದೆ. ತುಟಿ ಆಡುತ್ತಿರುತ್ತದೆ, ಅವಳ ದನಿ ಕೇಳಿಸುವುದಿಲ್ಲ.

ಆ ನಾಲ್ಕು ಮಾತಿಗೆ ಕಿವಿಗೊಟ್ಟು ಕೂತಿರುತ್ತೇನೆ. ನಾನು ಹ್ಞೂಂ ಎಂದದ್ದು ಯಾವುದಕ್ಕೆ ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ.